ಇಲಿ ಎಂಬ ಒಂದೇ ಮಾತು



ಅಳಿವಿನ ಅಂಚಿಗೆ ಸರಿಯುತ್ತಿರುವ ಒಂದು ಇಲಿಯ ವಿಷಯವಾಗಿ ಈ ಹೊತ್ತು ಮಾತನಾಡಬೇಕೆಂದಿದ್ದೇನೆ. ಹೀಗೆಂದೊಡನೆ ನಿಮ್ಮಲ್ಲಿ ಹಲವರ ಮುಖದಲ್ಲಿ ನಗೆ ಮೂಡಿರಬಹುದು. ಹುಲಿ ಅಳಿಯುತ್ತಿದೆ ಎಂದರೆ ನಾವು ನಿಟ್ಟುಸಿರು ಬಿಡುತ್ತೇವೆ. ಇಲಿ ಅಳಿಯುತ್ತಿದೆ ಎಂದರೆ, ಅಳಿಯಲಿ ಬಿಡಿ, ಕಾಳು ಉಳಿದೀತು ಎನ್ನುತ್ತೇವೆ. ನಮ್ಮ ನುಡಿಯಲ್ಲಿ ಇಲಿ ಎಂಬುದು ಅಲ್ಪತ್ವಕ್ಕೆ ಇನ್ನೊಂದು ಹೆಸರು. ದೊಡ್ಡ ಕೆಲಸಕ್ಕೆ ಕೈಯಿಟ್ಟು ಸಣ್ಣ ಫಲ ಪಡೆದವನನ್ನು ಬೆಟ್ಟ ಅಗೆದು ಇಲಿ ಹಿಡಿದವನೆಂದು ಆಡಿಕೊಳ್ಳುತ್ತೇವೆ. ಗಣಪತಿಯ ವಾಹನವೆಂಬ ಗೌರವವೊಂದು ಉಂಟು, ನಿಜ. ಆದರೆ ಆ ಗೌರವ ಚೌತಿಯ ದಿನ ಮಣ್ಣಿನ ಇಲಿಗೆ ಸಲ್ಲುವುದೇ ಹೊರತು, ಮರುದಿನ ಅಡುಗೆಮನೆಯಲ್ಲಿ ಕಾಣಿಸಿಕೊಂಡ ಇಲಿಗಲ್ಲ.

ಈ ಅವಜ್ಞೆಗೆ ಕಾರಣವಿಲ್ಲವೆಂದು ನಾನು ಹೇಳಲಾರೆ. ಕಾಳನ್ನು ಹಗೇವಿನಲ್ಲಿಟ್ಟರೂ ಅಟ್ಟದ ಮೇಲಿಟ್ಟರೂ ಬಂದು ಪಾಲು ಕೇಳುವ ಪ್ರಾಣಿ ಅದು. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಿತು. ಆಮೇಲಿನ ದಶಕಗಳಲ್ಲಿ ನಮ್ಮ ಸೀಮೆಯ ಊರೂರೂ ಅದರ ಕೈಗೆ ಸಿಕ್ಕಿತು. ಮಾಡಿನಿಂದ ಒಂದು ಇಲಿ ಸತ್ತು ಬಿದ್ದರೆ ಸಾಕು, ಮಕ್ಕಳು ಮರಿ ಕಟ್ಟಿಕೊಂಡು ಊರಾಚೆಯ ಬಯಲಿನಲ್ಲಿ ಗುಡಿಸಲು ಹಾಕಬೇಕಾಗಿತ್ತು. ಹಲವು ಊರುಗಳಲ್ಲಿ ಪ್ಲೇಗಿನ ಅಮ್ಮನಿಗೆ ಗುಡಿಗಳೆದ್ದವು. ಅಂಥ ನೆನಪನ್ನು ಹೊತ್ತ ಜನ ಇಲಿಯನ್ನು ಪ್ರೀತಿಸಬೇಕೆಂದು ಉಪದೇಶಿಸುವುದು ಅವಿವೇಕ. ಆದರೆ ಪ್ಲೇಗನ್ನು ಮನೆಗೆ ತಂದದ್ದು ಯಾವ ಇಲಿ? ಮನೆಯ ಮಾಡಿನಲ್ಲಿರುವ ಕರಿಯ ಇಲಿ, ಮುಖ್ಯವಾಗಿ ಅದೊಂದೇ. ಅಳಿಲು, ಮುಳ್ಳುಹಂದಿ, ಹೆಗ್ಗಣ, ಸುಂಡಿಲಿ ಎಲ್ಲವನ್ನೂ ಒಳಗೊಂಡ ದಂಶಕ ವರ್ಗದಲ್ಲಿ ನಮ್ಮ ದೇಶದಲ್ಲಿ ನೂರರಷ್ಟು ಜಾತಿಗಳಿವೆ. ಅವುಗಳಲ್ಲಿ ರೈತನಿಗೂ ಗೃಹಸ್ಥನಿಗೂ ಹೇಳಿಕೊಳ್ಳುವಂಥ ಹಾನಿ ಮಾಡುವವು ಇಪ್ಪತ್ತನ್ನು ಮೀರುವುದಿಲ್ಲ. ಉಳಿದವು ಕಾಡಿನ, ಹುಲ್ಲುಗಾವಲಿನ, ಬಂಡೆಯ ಸಂದುಗಳ ನಿವಾಸಿಗಳು. ನಾವು ಅವನ್ನು ಕಂಡವರಲ್ಲ. ಕಂಡರೂ ಇಲಿ ಎಂಬ ಒಂದೇ ಮಾತಿನಲ್ಲಿ ಹೇಳಿ ಮುಗಿಸುತ್ತೇವೆ.

ನಮ್ಮ ಹಿರಿಯರು ಹಾಗೆ ಮುಗಿಸುತ್ತಿರಲಿಲ್ಲ. ಇದಕ್ಕೆ ಸಾಕ್ಷಿ ಒಬ್ಬ ಬ್ರಿಟಿಷ್ ಅಧಿಕಾರಿಯ ಬರಹದಲ್ಲಿದೆ. ಅವನ ಹೆಸರು ವಾಲ್ಟರ್ ಎಲಿಯಟ್. ಕಿತ್ತೂರಿನ ಕಥೆ ಬಲ್ಲವರಿಗೆ ಈ ಹೆಸರು ಹೊಸದಲ್ಲ. 1824ರ ಅಕ್ಟೋಬರಿನಲ್ಲಿ ಥ್ಯಾಕರೆ ಕಿತ್ತೂರಿನ ಕೋಟೆಯ ಮುಂದೆ ಮಡಿದಾಗ, ರಾಣಿ ಚೆನ್ನಮ್ಮನ ಕಡೆಯವರು ಒತ್ತೆಯಾಗಿ ಹಿಡಿದಿಟ್ಟುಕೊಂಡ ಇಬ್ಬರು ತರುಣ ಅಧಿಕಾರಿಗಳಲ್ಲಿ ಎಲಿಯಟ್ ಒಬ್ಬ. ಬಿಡುಗಡೆಯಾದ ಮೇಲೆ ಅವನು ಈ ನಾಡಿನ ಮೇಲೆ ಹಗೆ ಸಾಧಿಸಲಿಲ್ಲ. ಧಾರವಾಡದ ಸೀಮೆಯಲ್ಲಿ ಇದ್ದಷ್ಟು ಕಾಲವೂ ಊರೂರು ಅಲೆದು ಕನ್ನಡದ ಶಾಸನಗಳನ್ನು ನಕಲು ಮಾಡಿಸಿದ. ಅವನ ಶಾಸನ ಸಂಗ್ರಹ ಮುಂದೆ ಫ್ಲೀಟ್ ಮೊದಲಾದ ವಿದ್ವಾಂಸರಿಗೆ ಒದಗಿ ಬಂದ ಸಂಗತಿ ಕನ್ನಡ ಎಂ.ಎ. ಓದಿದವರಿಗೆಲ್ಲ ಗೊತ್ತು. ಅದೇ ಎಲಿಯಟ್ ಇಲಿಗಳನ್ನೂ ಸಂಗ್ರಹಿಸಿದ ಎಂಬ ಸಂಗತಿಯನ್ನು ಮಾತ್ರ ನಮ್ಮ ತರಗತಿಗಳಲ್ಲಿ ಯಾರೂ ಹೇಳುತ್ತಿರಲಿಲ್ಲ. ದಕ್ಷಿಣ ಮರಾಠಾ ಸೀಮೆಯ ಸ್ತನಿಗಳ ಪಟ್ಟಿಯೊಂದನ್ನು ಅವನು 1839ರಲ್ಲಿ ಮದರಾಸಿನ ಒಂದು ವಿದ್ವತ್ಪತ್ರಿಕೆಯಲ್ಲಿ ಅಚ್ಚು ಹಾಕಿಸಿದ. ಹೆಸರಿಗೆ ಮರಾಠಾ ಸೀಮೆ. ಇರುವುದೆಲ್ಲ ನಮ್ಮ ಧಾರವಾಡದ ಸುತ್ತಣ ನೆಲ.

ಆ ಪಟ್ಟಿಯ ಸೊಗಸು ಇರುವುದು ಪ್ರತಿಯೊಂದು ಪ್ರಾಣಿಗೂ ಅವನು ಊರಿನವರ ಬಾಯಿಂದ ಹೆಸರು ಕೇಳಿ ಬರೆದದ್ದರಲ್ಲಿ. ಕನ್ನಡದ ರೈತರು ಏನೆನ್ನುತ್ತಾರೆ, ವಡ್ಡರು ಏನೆನ್ನುತ್ತಾರೆ ಎಂದು ಬೇರೆ ಬೇರೆಯಾಗಿ ಬರೆದಿದ್ದಾನೆ. ಇಂದು ಭೋವಿ ಎಂದು ಕರೆಸಿಕೊಳ್ಳುವ ಆ ಜನ ಕೆರೆ ಕಟ್ಟೆಗಳ ಮಣ್ಣು ಅಗೆಯುವ ಕಸುಬಿನವರು. ನೆಲದ ಒಳಗನ್ನು ಅವರಷ್ಟು ಬಲ್ಲವರು ಬೇರೆಯಿಲ್ಲ. ಮನೆಮಾತು ಒಂದು ಬಗೆಯ ತೆಲುಗು. ಹಾಗೆ ಎರಡು ನುಡಿಗಳಿಂದ ಬಂದ ಹೆಸರುಗಳು ಆ ಪಟ್ಟಿಯಲ್ಲಿ ಅಕ್ಕಪಕ್ಕ ಕುಳಿತಿವೆ. ಪೊದೆಯ ಮುಳ್ಳುಕೊಂಬೆಗಳ ನಡುವೆ ಒಣಹುಲ್ಲಿನ ನಾರಿನಿಂದ ಚೆಂಡಿನಂಥ ಗೂಡು ಹೆಣೆಯುವ ಇಲಿಗೆ ಕನ್ನಡದವರು ಗುಲಂದಿ ಎನ್ನುತ್ತಿದ್ದರು. ಬಿಲದಲ್ಲಿ ಬೆಣಚುಕಲ್ಲುಗಳನ್ನು ತಂದು ಹಾಸಿ, ಬಾಯಿಗೂ ಕಲ್ಲನ್ನೇ ಅಡ್ಡ ಇಟ್ಟುಕೊಳ್ಳುವ ಸಣ್ಣ ಇಲಿಗೆ ಕಲ್ಲಿಲಿ ಎಂದು ಕನ್ನಡದಲ್ಲಿ, ಲೆಗ್ಯಡೆ ಎಂದು ವಡ್ಡರ ಮಾತಿನಲ್ಲಿ. ಉದ್ದಬಾಲದಿಂದ ಕೊಂಬೆ ಸುತ್ತಿ ನಡೆಯುವುದು ಮರದಿಲಿ. ಕಾಳನ್ನು ಒಯ್ದು ನೆಲದೊಳಗೆ ಕಣಜ ಮಾಡುವುದು ಕೊಕ್ಕು. ಎರೆನೆಲದ ಬಿರುಕುಗಳಲ್ಲಿ ವಾಸಿಸುವುದು ಮೆಟ್ಟಡೆ. ಅವನು ರೋಮನ್ ಲಿಪಿಯಲ್ಲಿ ಬರೆದುಕೊಂಡದ್ದನ್ನು ನಾನು ಹೀಗೆ ಓದುತ್ತಿದ್ದೇನೆ; ಉಚ್ಚಾರದಲ್ಲಿ ಅಲ್ಲಿ ಇಲ್ಲಿ ವ್ಯತ್ಯಾಸವಿದ್ದೀತು.

ಈ ಹೆಸರುಗಳ ಮುಂದಿನ ಪ್ರಯಾಣ ಇನ್ನೂ ಸ್ವಾರಸ್ಯಕರ. ಎಲಿಯಟ್ಟನ ಸಂಗ್ರಹವನ್ನು ಲಂಡನ್ನಿನ ಗ್ರೇ ಎಂಬ ವಿದ್ವಾಂಸ ಪರೀಕ್ಷಿಸಿ 1837ರಲ್ಲಿಯೇ ಲ್ಯಾಟಿನ್ ಹೆಸರುಗಳನ್ನು ಕೊಟ್ಟ. ಕೊಡುವಾಗ ಊರಿನ ಹೆಸರುಗಳನ್ನೇ ಬಳಸಿದ. ನಮ್ಮ ಗುಲಂದಿ ‘ಗೋಲುಂಡ’ ಎಂಬ ಕುಲವಾಯಿತು. ಇಂದಿಗೂ ಜಗತ್ತಿನ ಯಾವ ಗ್ರಂಥಾಲಯದಲ್ಲಿ ಹುಡುಕಿದರೂ ಆ ಪೊದೆಯ ಇಲಿಯ ವೈಜ್ಞಾನಿಕ ನಾಮ ಗೋಲುಂಡ ಎಲಿಯಟಿ, ಎಂದರೆ ಎಲಿಯಟ್ಟನ ಗುಲಂದಿ. ಲೆಗ್ಯಡೆ ‘ಲೆಗ್ಗಡ’ವಾಯಿತು. ಮೆಟ್ಟಡೆಗೆ ಮಾತ್ರ ಸ್ವಲ್ಪ ಅನ್ಯಾಯವಾಯಿತು. ಗ್ರೇಯ ಬರಹದಲ್ಲಿ ಅದು ‘ಮೆಲ್ಟಡ’ ಎಂದು ಅಚ್ಚಾಗಿದೆ. ಬಹುಶಃ ಎರಡು ಟಕಾರಗಳಲ್ಲಿ ಒಂದು ಲಕಾರದಂತೆ ಕಂಡಿರಬೇಕು. ಶಾಸನಗಳಲ್ಲಿ ಲಿಪಿಕಾರನ ಪ್ರಮಾದವನ್ನು ನಾವು ಅಡಿಟಿಪ್ಪಣಿ ಬರೆದು ತಿದ್ದುತ್ತೇವೆ. ಪ್ರಾಣಿಶಾಸ್ತ್ರದಲ್ಲಿ ಮೊದಲು ಅಚ್ಚಾದದ್ದೇ ಶಾಸನ. ಆದ್ದರಿಂದ ಮೆಲ್ಟಡವೇ ಉಳಿದುಕೊಂಡಿದೆ.

ಹೆಸರು ಬಲ್ಲವರು ಆ ಪ್ರಾಣಿಗಳನ್ನು ಮುದ್ದಿಸುತ್ತಿದ್ದರೆಂದು ತಿಳಿಯಬೇಡಿ. 1826ರಲ್ಲಿ ಮುಂಗಾರಿನ ಮುಂಚಿನ ಮಳೆ ಬಾರದೆ ಎರೆನೆಲದ ಬಿರುಕುಗಳು ತೆರೆದೇ ಉಳಿದುವಂತೆ. ಮಳೆ ಬಂದರೆ ನೀರು ತುಂಬಿ ಮೆಟ್ಟಡೆಗಳು ಅರ್ಧಕ್ಕರ್ಧ ಸಾಯುವುದು ವಾಡಿಕೆ. ಆ ವರ್ಷ ಅವು ಬಿತ್ತಿದ ಬೀಜವನ್ನೆಲ್ಲ ತಿಂದು, ಜೋಳದ ದಂಟು ಹತ್ತಿ ತೆನೆಯನ್ನೂ ಕಡಿದವು. ರೈತರು ವಡ್ಡರನ್ನು ಕರೆಸಿ, ಇಷ್ಟು ಡಜನ್ನಿಗೆ ಇಷ್ಟು ಕಾಳು ಎಂದು ಗೊತ್ತುಮಾಡಿ, ಸಾವಿರ ಸಾವಿರವಾಗಿ ಕೊಲ್ಲಿಸಿದರು. ಆದರೂ ಅವುಗಳ ಸಂಖ್ಯೆ ಕಡಿಮೆಯಾದಂತೆ ಕಾಣಲಿಲ್ಲ ಎಂದು ಎಲಿಯಟ್ ಬರೆಯುತ್ತಾನೆ. ಇಲ್ಲಿ ಗಮನಿಸಬೇಕಾದದ್ದು ಒಂದಿದೆ. ಕೊಲ್ಲುವಾಗಲೂ ಅವರಿಗೆ ತಾವು ಕೊಲ್ಲುತ್ತಿರುವುದು ಯಾವುದನ್ನು ಎಂಬುದು ಗೊತ್ತಿತ್ತು. ಮೆಟ್ಟಡೆಯ ಮೇಲಣ ಸಿಟ್ಟನ್ನು ಪೊದೆಯ ಗುಲಂದಿಯ ಮೇಲೋ ಕಲ್ಲು ಹಾಸಿಕೊಂಡು ಮಲಗಿದ ಕಲ್ಲಿಲಿಯ ಮೇಲೋ ಅವರು ತೀರಿಸಿಕೊಳ್ಳಬೇಕಾಗಿರಲಿಲ್ಲ.

ನಾನಿರುವ ಅಜ್ಜಂಪುರ ಇಂಥದೇ ಬಯಲಿನ ಊರು. ಸುತ್ತ ಎರೆನೆಲ, ಈರುಳ್ಳಿಯ ಹೊಲ, ಅಮೃತಮಹಲ್ ದನಗಳ ಕಾವಲು. ಚಿಕ್ಕದೇವರಾಜ ಒಡೆಯರ ಬೆಣ್ಣೆ ಚಾವಡಿ ಟಿಪ್ಪುವಿನ ಕಾಲಕ್ಕೆ ಅಮೃತಮಹಲ್ ಆಯಿತು. ಆ ದನಗಳಿಗೆಂದು ಬಿಟ್ಟ ಹುಲ್ಲುಗಾವಲುಗಳ ನೆರಳಿನಲ್ಲಿಯೇ ಹುಲ್ಲಿನ ಈ ಸಣ್ಣ ಜೀವಗಳೂ ಇದುವರೆಗೆ ಬಾಳಿಕೊಂಡು ಬಂದಿವೆ. ಕಾವಲುಗಳಲ್ಲಿ ಎಷ್ಟೋ ಭಾಗ ಉಳುಮೆಗೆ, ನೀಲಗಿರಿಯ ನೆಡುತೋಪಿಗೆ, ನಿವೇಶನಗಳಿಗೆ ಹೋಗಿದೆ. ಆದರೂ ಗುಲಂದಿ, ಮೆಟ್ಟಡೆಗಳು ದೇಶದ ಹಲವು ಕಡೆ ಹರಡಿರುವ ಜಾತಿಗಳು. ಅವುಗಳಿಗೆ ಸದ್ಯಕ್ಕೆ ಅಳಿವಿನ ಭಯವಿಲ್ಲ. ನಾನು ಮೊದಲಿಗೆ ಹೇಳಿದ ಇಲಿ ಇವುಗಳಲ್ಲಿ ಒಂದಲ್ಲ. ಅದನ್ನು ಅರಸಬೇಕಾದರೆ ಪಡುವಣಕ್ಕೆ ಮುಖ ಮಾಡಬೇಕು. ತರೀಕೆರೆ, ಲಕ್ಕವಳ್ಳಿಗಳನ್ನು ದಾಟಿ ಮಲೆನಾಡಿನ ನಿತ್ಯಹಸುರಿನ ಕಡೆಗೆ ಮನಸ್ಸನ್ನು ಒಯ್ಯಬೇಕು.

ಶಿವಮೊಗ್ಗದ ಕಾಡುಗಳಿಂದ ತೆಂಕಣಕ್ಕೆ, ಸಹ್ಯಾದ್ರಿಯ ಉದ್ದಕ್ಕೂ, ಕೇರಳ ತಮಿಳುನಾಡುಗಳ ತುದಿಮಲೆಗಳ ತನಕ ಅದರ ಸೀಮೆ ಎಂದು ಪ್ರಾಣಿಶಾಸ್ತ್ರದ ಗ್ರಂಥಗಳು ಹೇಳುತ್ತವೆ. ಈ ಪಟ್ಟಿಯನ್ನು ಬಿಟ್ಟರೆ ಭೂಮಿಯ ಮೇಲೆ ಬೇರೆಲ್ಲಿಯೂ ಅದು ಇಲ್ಲ. ಇಂಗ್ಲಿಷಿನಲ್ಲಿ ಅದನ್ನು ಮಲಬಾರ್ ಸ್ಪೈನಿ ಡಾರ್‌ಮೌಸ್ ಎನ್ನುತ್ತಾರೆ. ಮಾತಿನ ಅನುಕೂಲಕ್ಕಾಗಿ ನಾನು ಮುಳ್ಳಿಲಿ ಎನ್ನುತ್ತೇನೆ. ಮೈ ಒಂದು ಗೇಣಿಗಿಂತ ಚಿಕ್ಕದು, ಸುಮಾರು ಐದು ಅಂಗುಲ. ಬೆನ್ನು ಕೆಂಗಂದು, ಹೊಟ್ಟೆ ಬಿಳುಪು. ಬೆನ್ನಿನ ಮೃದುವಾದ ಕೂದಲಿನ ನಡುವೆ ಚಪ್ಪಟೆಯಾದ ಸಣ್ಣ ಮುಳ್ಳುಗಳು ಹಿಂದಕ್ಕೆ ಬಾಗಿ ಮಲಗಿರುತ್ತವೆ; ತಲೆಯಿಂದ ಬಾಲದ ಕಡೆಗೆ ಸವರಿದರೆ ತಿಳಿಯುವುದೇ ಇಲ್ಲ. ಎಲ್ಲಕ್ಕಿಂತ ಮಿಗಿಲಾದದ್ದು ಅದರ ಬಾಲ. ಇಲಿಯ ಬೋಳು ಬಾಲವಲ್ಲ. ತುದಿಯ ಕಡೆಗೆ ಹೋದಂತೆ ಪೊದೆಯಾಗುತ್ತ, ಕೊನೆಯಲ್ಲಿ ಬಿಳಿಯ ಕುಚ್ಚಾಗಿ ಮುಗಿಯುವ ಬಾಲ. ಕತ್ತಲೆಯಲ್ಲಿ ಕೊಂಬೆಯಿಂದ ಕೊಂಬೆಗೆ ಹೋಗುವಾಗ ಆ ಕುಚ್ಚೊಂದೇ ಕಣ್ಣಿಗೆ ಬಿದ್ದರೂ ಬಿದ್ದೀತು.

ಅದನ್ನು ಮೊದಲು ವಿದ್ವಾಂಸರ ಗಮನಕ್ಕೆ ತಂದವನು ತಿರುವಾಂಕೂರಿನ ಬೆಟ್ಟಗಳಲ್ಲಿ ಓಡಾಡುತ್ತಿದ್ದ ಬೇಕರ್ ಎಂಬ ಪಾದ್ರಿ. ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯ ವಸ್ತುಸಂಗ್ರಹಾಲಯದಲ್ಲಿದ್ದ ಎಡ್ವರ್ಡ್ ಬ್ಲೈತ್ 1859ರಲ್ಲಿ ಅದಕ್ಕೆ ಪ್ಲಾಟಕಾಂಥೊಮಿಸ್ ಲಾಸಿಯುರಸ್ ಎಂದು ಹೆಸರಿಟ್ಟ. ಗ್ರೀಕಿನಿಂದ ಬಿಡಿಸಿದರೆ ಇಷ್ಟೇ: ಚಪ್ಪಟೆ ಮುಳ್ಳಿನ ಇಲಿ, ಪೊದೆಬಾಲದ್ದು. ಅದರ ಮನೆತನವನ್ನು ವಿಚಾರಿಸಿದರೆ ಇನ್ನೂ ಅಚ್ಚರಿ. ಯುರೋಪಿನ ಡಾರ್‌ಮೌಸಿಗೂ ಅದಕ್ಕೂ ಹತ್ತಿರದ ನಂಟಿಲ್ಲ. ಇಂದು ಬದುಕಿರುವ ದಾಯಾದಿಗಳು ಇರುವುದು ದಕ್ಷಿಣ ಚೀನ ಮತ್ತು ವಿಯೆಟ್ನಾಮಿನ ಬೆಟ್ಟಗಳಲ್ಲಿ ಮಾತ್ರ. ಅವು ಹೆಚ್ಚುಕಡಿಮೆ ಕುರುಡು, ತಮ್ಮದೇ ದನಿಯ ಮಾರ್ದನಿ ಕೇಳಿ ಬಾವಲಿಯ ಹಾಗೆ ದಾರಿ ಹಿಡಿಯುತ್ತವೆಂದು ಈಚೆಗೆ ಗೊತ್ತಾಗಿದೆ. ಈ ಕುಲದ ಪೂರ್ವಿಕರ ಪಳೆಯುಳಿಕೆಗಳು ಯುರೋಪಿನಲ್ಲಿ ಸಿಕ್ಕಿವೆ. ಎಂದರೆ ಒಂದು ಕಾಲಕ್ಕೆ ಎರಡು ಖಂಡಗಳಲ್ಲಿ ಹಬ್ಬಿದ್ದ ದೊಡ್ಡ ಮನೆತನ. ಈಗ ಒಂದು ಕವಲು ಚೀನದ ಕಡೆ, ಒಂದು ಕವಲು ನಮ್ಮ ಸಹ್ಯಾದ್ರಿಯಲ್ಲಿ. ಹಂಪೆಯ ಕಲ್ಲು ಬಿದ್ದರೆ ನಾವು ಮರುಗುತ್ತೇವಲ್ಲ, ಅದಕ್ಕಿಂತ ಎಷ್ಟೋ ಪಟ್ಟು ಹಳೆಯದಾದ ವಂಶವೊಂದು ಇಲ್ಲಿಯ ಮರದ ಪೊಟರೆಯಲ್ಲಿ ಎಲೆ ಪಾಚಿಗಳನ್ನು ಹಾಸಿಕೊಂಡು ಹಗಲೆಲ್ಲ ನಿದ್ದೆ ಮಾಡುತ್ತಿದೆ.

ಇಂಥ ಪ್ರಾಣಿಗೆ ತೋಟಗಾರರು ಕೊಟ್ಟ ಹೆಸರು ಮಾತ್ರ ಬೇರೆ: ಮೆಣಸಿನ ಇಲಿ. ಕರಿಮೆಣಸಿನ ಗೊಂಚಲು, ಹಲಸು, ಹೆಬ್ಬಲಸುಗಳ ಹಣ್ಣು ಇವುಗಳ ಮೇಲೆ ಅದಕ್ಕೆ ಆಸೆ. ಹೆಂಡದ ಮಡಕೆಗೂ ಮೂಗು ತೂರಿಸುತ್ತಿತ್ತೆಂದು ಹಳೆಯ ಬರಹಗಳಲ್ಲಿದೆ. ಅದೊಂದು ವಿಷಯದಲ್ಲಿ ಅದರ ಮೇಲೆ ಕಲ್ಲೆಸೆಯುವ ಯೋಗ್ಯತೆ ಎಷ್ಟು ಜನಕ್ಕಿದೆಯೋ ನೋಡಬೇಕು. ಇರಲಿ. ಗುಲಂದಿಗೂ ಹೀಗೆಯೇ ಆಯಿತು. ಸಿಂಹಳದ ಕಾಫಿ ತೋಟಗಳಿಗೆ ಅದು ಗುಂಪುಗುಂಪಾಗಿ ನುಗ್ಗಿದ್ದೇ ತಡ, ಇಂಗ್ಲಿಷಿನವರು ಅದಕ್ಕೆ ಕಾಫಿ ಇಲಿ ಎಂದರು. ಗೂಡು ಕಟ್ಟುವ ಕೌಶಲದಿಂದ ಬಂದ ಹೆಸರು ಬೇರೆ, ಮಾಡಿದ ಅಪರಾಧದಿಂದ ಬಂದ ಹೆಸರು ಬೇರೆ. ಎರಡನೆಯದು ಹೆಸರಲ್ಲ, ಆರೋಪಪಟ್ಟಿ. ಕಾಡಿನಲ್ಲಿ ಮುಳ್ಳಿಲಿ ಕಾಡುಹಣ್ಣು, ಕಾಡುಬೀಜಗಳನ್ನು ತಿಂದು ಬದುಕುತ್ತದೆ. ಆ ಕಾಡಿನೊಳಗೆ ಮೆಣಸಿನ ಬಳ್ಳಿ ಹಬ್ಬಿಸಿದವರು ನಾವು. ಕಾಡುಮೆಣಸೂ ಸಹ್ಯಾದ್ರಿಯದೇ, ಮುಳ್ಳಿಲಿಯೂ ಸಹ್ಯಾದ್ರಿಯದೇ. ಅವುಗಳ ಪರಿಚಯ ನಮಗಿಂತ ಹಳೆಯದು.

ಜಗತ್ತಿನ ಜೀವಿಗಳ ಕೆಂಪು ಪಟ್ಟಿಯಲ್ಲಿ ಮುಳ್ಳಿಲಿಯನ್ನು ಅಪಾಯಕ್ಕೆ ಒಳಗಾಗಬಲ್ಲ ಜಾತಿಯೆಂದು ಸೇರಿಸಿದ್ದಾರೆ. ಅಪಾಯವೆಂದರೆ ಕೋವಿಯಲ್ಲ. ಕೋವಿ ಹಿಡಿದು ಐದಂಗುಲದ ಪ್ರಾಣಿಯ ಬೆನ್ನು ಹತ್ತುವವರು ಯಾರೂ ಇಲ್ಲ. ಅಪಾಯವಿರುವುದು ಮರದಲ್ಲಿ, ಅಥವಾ ಮರವಿಲ್ಲದಿರುವುದರಲ್ಲಿ. ಮುಳ್ಳಿಲಿ ಬಿಲ ತೋಡಿ ಮನೆ ಮಾಡುವ ಜೀವವಲ್ಲ. ಅದಕ್ಕೆ ಪೊಟರೆ ಬೇಕು. ಪೊಟರೆಯಾದರೋ ಬೇಕೆಂದಾಗ ಆಗುವಂಥದಲ್ಲ. ಗಾಳಿಗೆ ಕೊಂಬೆ ಮುರಿಯಬೇಕು, ಮುರಿದಲ್ಲಿ ನೀರಿಳಿದು ಬೂಷ್ಟು ಹಿಡಿಯಬೇಕು, ಮರಕುಟಿಗ ಕುಟ್ಟಬೇಕು. ಮರ ಬದುಕಿರುತ್ತಲೇ ಒಳಗೆ ಟೊಳ್ಳಾಗಬೇಕು. ಇದಕ್ಕೆ ಹಲವು ದಶಕಗಳು ಹಿಡಿಯುತ್ತವೆ. ಒಮ್ಮೆ ಆಯಿತೆಂದರೆ ಗೂಗೆ, ಮಂಗಟ್ಟೆ, ಗಿಳಿ, ಹಾರುಬೆಕ್ಕು ಎಲ್ಲಕ್ಕೂ ಅದು ಮನೆ. ಮಂಗಟ್ಟೆಗೆ ದೊಡ್ಡ ಪೊಟರೆ, ಮುಳ್ಳಿಲಿಗೆ ಸಣ್ಣದು, ಅಷ್ಟೇ ವ್ಯತ್ಯಾಸ. ಆದರೆ ಮನುಷ್ಯನ ಲೆಕ್ಕದಲ್ಲಿ ಟೊಳ್ಳು ಮರ ಕೆಲಸಕ್ಕೆ ಬಾರದ ಮರ. ನಾಟಾಕ್ಕೆ ಆಗದು, ಬಿರುಗಾಳಿಗೆ ಗಿಡಗಳ ಮೇಲೆ ಬಿದ್ದೀತೆಂಬ ಅಂಜಿಕೆ ಬೇರೆ. ಮೊದಲು ಕೊಡಲಿ ಬೀಳುವುದು ಅದಕ್ಕೇ.

ಬಾಬಾಬುಡನ್ ಗಿರಿಯಲ್ಲಿ ಕಾಫಿ ಬೇರೂರಿದ ಮೇಲೆ ಮಲೆನಾಡಿನ ತೋಟಗಳು ಬಹುಕಾಲ ಕಾಡಿನ ನೆರಳಿನಲ್ಲಿಯೇ ಬೆಳೆದವು. ಮೇಲೆ ಹಲಸು, ಅತ್ತಿ, ಗೋಣಿ, ಬೀಟೆ, ಮತ್ತಿ, ನಂದಿ, ನಡುವೆ ಹಾಲವಾಣ, ಕೆಳಗೆ ಕಾಫಿ. ಅಂಥ ತೋಟ ಕಾಡಲ್ಲ, ಆದರೆ ಕಾಡಿನ ನೆರೆಹೊರೆಯಾಗಿ ಸಲ್ಲುತ್ತಿತ್ತು. ಒಂದು ಮರದ ಕೊಂಬೆ ಇನ್ನೊಂದನ್ನು ಮುಟ್ಟುವ ತನಕ ಕೆಂಜಳಿಲಿಗೂ ಮುಳ್ಳಿಲಿಗೂ ನೆಲಕ್ಕಿಳಿಯದೆ ದಾಟಿಹೋಗುವ ದಾರಿಯಿತ್ತು. ಈಗ ಆ ಮರಗಳ ಜಾಗಕ್ಕೆ ಸಿಲ್ವರ್ ಓಕ್ ಬರುತ್ತಿದೆ. ಬೇಗ ಬೆಳೆಯುತ್ತದೆ, ಕಂಬದಂತೆ ನೆಟ್ಟಗೆ ಹೋಗುತ್ತದೆ, ಮೆಣಸಿನ ಬಳ್ಳಿ ಹಬ್ಬಿಸಲು ಹೇಳಿ ಮಾಡಿಸಿದಂತಿದೆ. ಎಲ್ಲಕ್ಕಿಂತ ದೊಡ್ಡ ಕಾರಣ ಕಾನೂನಿನಲ್ಲಿದೆ. 1976ರ ಮರಗಳ ಸಂರಕ್ಷಣಾ ಕಾಯ್ದೆಯ ಪ್ರಕಾರ ನಾಡಮರ ಕಡಿಯಲು ಅಪ್ಪಣೆ ಬೇಕು. ಸಿಲ್ವರ್ ಓಕಿಗೆ ವಿನಾಯಿತಿ ಇದೆ. ಅತ್ತಿಯ ಮರವೊಂದನ್ನು ಬೆಳೆಸಿದವನಿಗೆ ಕಚೇರಿಗೆ ಅಲೆದಾಟ, ಸಿಲ್ವರ್ ನೆಟ್ಟವನಿಗೆ ಬೇಕಾದಾಗ ಕಾಸು. ಮರವನ್ನು ಉಳಿಸಲು ಮಾಡಿದ ಕಾನೂನು ಮರ ಬೆಳೆಸುವವನನ್ನೇ ಹೆದರಿಸಿದರೆ ಅವನು ಸಿಲ್ವರ್ ನೆಡದೆ ಮತ್ತೇನು ಮಾಡಿಯಾನು? ನಾನು ಬೆಳೆಗಾರರನ್ನು ದೂರುವುದಿಲ್ಲ. ಆದರೆ ಕಂಬದಂಥ ಎಳೆಮರದಲ್ಲಿ ಪೊಟರೆಯಾಗುವುದಿಲ್ಲ. ಪೊಟರೆಯಾಗುವ ವಯಸ್ಸಿಗೆ ಅದು ಮಾರಾಟವಾಗಿರುತ್ತದೆ. ಮುಳ್ಳಿಲಿಗೆ ತಿನ್ನಲು ಮೆಣಸು ಯಥೇಚ್ಛ, ಮಲಗಲು ಜಾಗವಿಲ್ಲ.

ಇನ್ನು ವಿಷದ ಮಾತು. ಅಂಗಡಿಯಲ್ಲಿ ಸಿಗುವ ಇಲಿಪಾಷಾಣಕ್ಕೆ ಕಣ್ಣಿಲ್ಲ. ಮನೆಯ ಇಲಿಗೆಂದು, ಹೆಗ್ಗಣಕ್ಕೆಂದು ಇಟ್ಟ ಉಂಡೆಯನ್ನು ಯಾವುದು ತಿಂದರೂ ಅದರ ಪಾಲಿಗೆ ಸಾವೇ. ಕೆಲವು ಹೊಸ ವಿಷಗಳು ರಕ್ತ ಹೆಪ್ಪುಗಟ್ಟದಂತೆ ಮಾಡಿ ನಿಧಾನವಾಗಿ ಕೊಲ್ಲುತ್ತವೆ. ತೂರಾಡುತ್ತಿರುವ ಆ ಇಲಿಯನ್ನು ಹಿಡಿದ ಗೂಗೆಯ ಮೈಗೂ ಅವು ಸೇರುತ್ತವೆ. ಎಲಿಯಟ್ಟನ ಕಾಲದ ವಡ್ಡರ ಗುದ್ದಲಿಗೆ ಮೆಟ್ಟಡೆ ಯಾವುದು, ಕಲ್ಲಿಲಿ ಯಾವುದು ಎಂಬ ವಿವೇಕವಿತ್ತು ಎಂದೆನಲ್ಲ, ಅದು ಈ ಉಂಡೆಗಿಲ್ಲ.

ಆ ವಿವೇಕ ದೇಶದ ಕಾನೂನಿಗೂ ಬಹುಕಾಲ ಇರಲಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಒಳ್ಳೆಯ ಕಾಯ್ದೆ. ಹುಲಿ ಆನೆಗಳು ಉಳಿದಿದ್ದರೆ ಅದರ ಪುಣ್ಯ. ಕೆಂಜಳಿಲಿಗೂ ಅದರಲ್ಲಿ ರಕ್ಷಣೆ ಇತ್ತು. ಆದರೆ ಅದರ ಐದನೆಯ ಅನುಸೂಚಿಯಲ್ಲಿ ಉಪದ್ರವಿಗಳ ಪಟ್ಟಿಯೊಂದು ಇತ್ತು. ಕಾಗೆ, ಹಣ್ಣುಬಾವಲಿಗಳ ಜೊತೆಯಲ್ಲಿ ಅಲ್ಲಿದ್ದ ಎರಡು ಪದಗಳು ಇಲಿ ಮತ್ತು ಸುಂಡಿಲಿ. ಯಾವ ಇಲಿ, ಎಲ್ಲಿಯ ಸುಂಡಿಲಿ ಎಂಬ ವಿಶೇಷಣವಿಲ್ಲ. ಸಹ್ಯಾದ್ರಿಯ ಒಂದೆರಡು ಬೆಟ್ಟಗಳಲ್ಲಿ ಮಾತ್ರ ಬದುಕಿರುವ ಅಪರೂಪದ ಇಲಿಗಳೂ ಆ ಎರಡು ಪದಗಳ ಬಲೆಯಲ್ಲಿ ಸಿಕ್ಕಿಕೊಂಡವು. ಮಹಾರಾಷ್ಟ್ರದ ಸಿಂಹಗಡದ ಸುತ್ತ ಕಾಣುವ ಕೊಂಡಾಣಾ ಇಲಿ ಮೆಟ್ಟಡೆಯ ಹತ್ತಿರದ ಬಂಧು, ಅಳಿವಿನ ಅಂಚಿನಲ್ಲಿರುವ ಜಾತಿ. ಅದೂ ಕಾನೂನಿನ ಕಣ್ಣಿಗೆ ಒಂದು ಇಲಿ. 2022ರ ತಿದ್ದುಪಡಿ ಆ ಅನುಸೂಚಿಯನ್ನು ತೆಗೆದುಹಾಕಿತು. 2023ರ ಏಪ್ರಿಲಿನಿಂದ ಅದು ಜಾರಿಯಲ್ಲಿದೆ. ಅರ್ಧ ಶತಮಾನ ಎರಡು ಪದಗಳು ಅಲ್ಲಿ ಕುಳಿತಿದ್ದುವು.

ಪದವೊಂದು ಹೀಗೆ ಪ್ರಾಣಿಯ ಹಣೆಬರಹವಾಗುವುದಕ್ಕೆ ದೊಡ್ಡ ಉದಾಹರಣೆ ಸಮುದ್ರದಾಚೆ ಇದೆ. ಸಿಲ್ವರ್ ಓಕ್ ಹುಟ್ಟಿದ ಆಸ್ಟ್ರೇಲಿಯವೇ ಆ ದೇಶ. ಅಲ್ಲಿಗೆ ಅವರ ಮರ ಇಲ್ಲಿಗೆ ಬರುವ ಮುಂಚೆಯೇ ನಮ್ಮ ಕಡೆಯ ಒಂದು ಮಾತು ಹೋಗಿತ್ತು. ತೆಲುಗಿನಲ್ಲಿ ಹೆಗ್ಗಣಕ್ಕೆ ಪಂದಿಕೊಕ್ಕು ಎಂದು ಹೆಸರು, ಹಂದಿಯಂಥ ಇಲಿ ಎಂದು ಅರ್ಥ. ಎಲಿಯಟ್ಟನ ಪಟ್ಟಿಯ ಕೊಕ್ಕು ಇದರ ನಂಟನೇ. ಪಂದಿಕೊಕ್ಕು ಇಂಗ್ಲಿಷಿನವರ ಬಾಯಲ್ಲಿ ಬ್ಯಾಂಡಿಕೂಟ್ ಆಯಿತು. ಆಸ್ಟ್ರೇಲಿಯಕ್ಕೆ ಹೋದವರು ಅಲ್ಲಿಯ ಒಂದು ಪ್ರಾಣಿಯನ್ನು ಕಂಡು ಅದೇ ಹೆಸರಿಟ್ಟರು. ಅದಾದರೋ ಇಲಿಯೇ ಅಲ್ಲ. ಮರಿಯನ್ನು ಹೊಟ್ಟೆಯ ಚೀಲದಲ್ಲಿಟ್ಟು ಸಾಕುವ ಕಾಂಗರೂ ಕಡೆಯದು. ಇಲಿಯಲ್ಲದ್ದಕ್ಕೆ ಇಲಿಯ ಹೆಸರು ಕೊಟ್ಟವರು, ಆ ನೆಲದಲ್ಲಿ ಲಕ್ಷಾಂತರ ವರ್ಷಗಳಿಂದ ಇದ್ದ ನಿಜವಾದ ಇಲಿಗಳನ್ನು, ಹಡಗಿನಲ್ಲಿ ತಮ್ಮೊಂದಿಗೆ ಬಂದಿಳಿದ ಇಲಿಗಳೊಡನೆ ಒಂದೇ ಎಂದು ಎಣಿಸಿದರು. ಬೆಕ್ಕು, ನರಿಗಳನ್ನು ತಂದು ಬಿಟ್ಟರು. ಕುರಿ ದನಗಳಿಗೆ ಹುಲ್ಲು ಮೇಯಿಸಿದರು. 1788ರಲ್ಲಿ ಯುರೋಪಿನವರು ನೆಲೆಸಿದಂದಿನಿಂದ ಈಚೆಗೆ ಆ ದೇಶದ ಮೂಲ ಇಲಿಗಳಲ್ಲಿ ಹತ್ತರಷ್ಟು ಜಾತಿಗಳು ಇಲ್ಲವಾದವು.

ಅವುಗಳಲ್ಲಿ ಕೊನೆಯದರ ಕಥೆ ಮನಸ್ಸಿನಲ್ಲಿ ನಿಲ್ಲುವಂಥದು. ಆಸ್ಟ್ರೇಲಿಯಕ್ಕೂ ನ್ಯೂಗಿನಿಗೂ ನಡುವೆ ಬ್ರ್ಯಾಂಬಲ್ ಕೇ ಎಂಬ ಮರಳದಿಣ್ಣೆಯಿದೆ. ವಿಸ್ತೀರ್ಣ ನಾಲ್ಕೈದು ಹೆಕ್ಟೇರು, ಎಂದರೆ ನಮ್ಮ ಒಬ್ಬ ಮಧ್ಯಮ ಹಿಡುವಳಿದಾರನ ಹೊಲದಷ್ಟು. ಮೆಲೊಮಿಸ್ ಎಂಬ ಒಂದು ಜಾತಿಯ ಇಲಿಗೆ ಭೂಮಿಯ ಮೇಲೆ ಅದೊಂದೇ ಊರು. 1845ರಲ್ಲಿ ಅಲ್ಲಿಗೆ ಬಂದ ಹಡಗಿನ ನಾವಿಕರು ಅವುಗಳನ್ನು ಬಿಲ್ಲು ಬಾಣಗಳಿಂದ ಹೊಡೆದು ವಿನೋದಪಟ್ಟರು, ಅಷ್ಟು ಹೇರಳವಾಗಿದ್ದುವು. ಕಡಲು ಏರಿತು, ಉಪ್ಪುನೀರು ದಿಣ್ಣೆಯ ಮೇಲೆ ಹರಿಯಿತು. 2004ರಿಂದ 2014ರ ಒಳಗೆ ಅಲ್ಲಿದ್ದ ಹಸಿರಿನಲ್ಲಿ ನೂರಕ್ಕೆ 97 ಪಾಲು ನಾಶವಾಯಿತು. 2008ರಲ್ಲಿ ಅದನ್ನು ಉಳಿಸುವ ಯೋಜನೆಯೊಂದು ಕಾಗದದ ಮೇಲೆ ಸಿದ್ಧವಾಗಿತ್ತು. 2009ರಲ್ಲಿ ಒಬ್ಬ ಮೀನುಗಾರ ಒಂದನ್ನು ಕಂಡ, ಅದೇ ಕೊನೆ. 2014ರಲ್ಲಿ ಬೋನುಗಳನ್ನು ಹೊತ್ತು ಹೋದ ವಿಜ್ಞಾನಿಗಳಿಗೆ ಒಂದೂ ಸಿಗಲಿಲ್ಲ. 2019ರ ಫೆಬ್ರವರಿಯಲ್ಲಿ ಅಲ್ಲಿಯ ಸರ್ಕಾರ ಅದು ಅಳಿಯಿತೆಂದು ದಾಖಲು ಮಾಡಿತು. ಮನುಷ್ಯ ಕೆಡಿಸಿದ ಹವಾಮಾನದಿಂದ ಅಳಿದ ಮೊದಲ ಸ್ತನಿ ಎಂದು ಅದನ್ನು ಕರೆಯುತ್ತಾರೆ. ಆ ದಿಣ್ಣೆಯ ಮೇಲೆ ಇದ್ದದ್ದು ಚೆಲುವಾದ ಹಕ್ಕಿಯೋ ಪುಟ್ಟ ಕರಡಿಯೋ ಆಗಿದ್ದರೆ ಆ ಐದಾರು ವರ್ಷಗಳಲ್ಲಿ ಯಾರಾದರೂ ಒಂದು ದೋಣಿ ಕಳಿಸುತ್ತಿದ್ದರು ಎಂದೇ ನನ್ನ ಗುಮಾನಿ.

ಆಸ್ಟ್ರೇಲಿಯದ ವಿದ್ವಾಂಸರು ಈ ಹೆಸರಿನ ಹೊರೆಯನ್ನು ಮೊದಲೇ ಕಂಡಿದ್ದರು. 1995ರಲ್ಲಿ ಅವರು ಒಂದು ಸಲಹೆ ಮುಂದಿಟ್ಟರು: ನಮ್ಮ ನೆಲದ ಇಲಿಗಳನ್ನು ಇಲಿ, ಹೆಗ್ಗಣ ಎನ್ನುವುದು ಬೇಡ, ಇಲ್ಲಿಯ ಮೂಲನಿವಾಸಿಗಳು ಅವುಗಳನ್ನು ಏನೆಂದು ಕರೆಯುತ್ತಿದ್ದರೋ ಹಾಗೆಯೇ ಕರೆಯೋಣ. ಅಂದಿನಿಂದ ಅಲ್ಲಿಯ ನೀರಿಲಿ ರಕಾಲಿ ಆಗಿದೆ. ಹೊಳೆದಂಡೆಯಲ್ಲಿ ಅದನ್ನು ಕಂಡವರು ಇಂದು ರಕಾಲಿ ನೋಡಿದೆವು ಎಂದು ಸಂತೋಷದಿಂದ ಹೇಳಿಕೊಳ್ಳುತ್ತಾರಂತೆ. ಇಲಿ ಕಂಡೆವೆಂದು ಯಾರು ಹೇಳಿಕೊಂಡಾರು? ಇನ್ನೊಂದು ಇಲಿಯ ಹೆಸರು ಜೂಂಗಾರಿ. ಗೌಲ್ಡನ ಇಲಿ ಎಂದು ಇಂಗ್ಲಿಷಿನಲ್ಲಿ ಹೆಸರಾದ ಜಾತಿ ಅಳಿದು ನೂರು ವರ್ಷಕ್ಕೂ ಹೆಚ್ಚಾಯಿತೆಂದು ಕೈಬಿಟ್ಟಿದ್ದರು. ಸಂಗ್ರಹಾಲಯದ ಹಳೆಯ ಚರ್ಮಗಳನ್ನು 2021ರಲ್ಲಿ ಪರೀಕ್ಷಿಸಿದಾಗ, ಪಡುವಣ ಕರಾವಳಿಯ ದ್ವೀಪಗಳಲ್ಲಿ ಬದುಕಿರುವ ಜೂಂಗಾರಿಯೂ ಅದೂ ಒಂದೇ ಎಂದು ತಿಳಿಯಿತು. ಬಿಳಿಯರ ಹೆಸರಿನಲ್ಲಿ ಸತ್ತದ್ದು ನೆಲದ ಹೆಸರಿನಲ್ಲಿ ಬದುಕಿತ್ತು.

ನಮ್ಮ ಕಡೆ ಇದಕ್ಕೆ ಸಮಿತಿ ಬೇಕಿಲ್ಲ. ಬಯಲುಸೀಮೆಯ ಹೆಸರುಗಳು ಎಲಿಯಟ್ಟನ ಪುಣ್ಯದಿಂದ ಕಾಗದದ ಮೇಲೆ ಉಳಿದಿವೆ. ಅವನು ಓಡಾಡಿದ್ದು ಧಾರವಾಡದ ಸುತ್ತ. ಮುಳ್ಳಿಲಿಯ ಮಲೆಗಳಲ್ಲಿ ಕುಳಿತು ಹೀಗೆ ಕೇಳಿ ಬರೆದುಕೊಂಡವನು ಇನ್ನೊಬ್ಬ ಎಲಿಯಟ್ ಆಗಿರಲಿಲ್ಲ. ಆದರೆ ಮೆಣಸಿನ ಬಳ್ಳಿ ಹತ್ತುವವರು, ಏಣಿ ಹಾಕಿ ಗೊಂಚಲು ಕೊಯ್ಯುವವರು, ಜೇನು ಇಳಿಸುವವರು, ಕಾಡಿನ ಅಂಚಿನ ಹಾಡಿಗಳಲ್ಲಿ ಬಾಳುವವರು ಪೊಟರೆಗೆ ಕೈ ಹಾಕಿದಾಗ ಬಿಳಿಯ ಕುಚ್ಚಿನ ಬಾಲವನ್ನು ಕಾಣದೆ ಇದ್ದಾರೆಯೆ? ಕಂಡವರು ಹೆಸರಿಡದೆ ಬಿಟ್ಟಾರೆಯೆ?

ಆದ್ದರಿಂದ ಮಲೆನಾಡಿನ ಶ್ರೋತೃಗಳಲ್ಲಿ ಒಂದು ಪ್ರಾರ್ಥನೆ. ಬೆನ್ನಿನ ಕೂದಲಲ್ಲಿ ಮುಳ್ಳು ಬೆರೆತ, ಬಾಲದ ತುದಿ ಬೆಳ್ಳಗೆ ಪೊದೆಯಾಗಿರುವ, ಮರದ ಪೊಟರೆಯಲ್ಲಿ ವಾಸಿಸುವ ಸಣ್ಣ ಪ್ರಾಣಿಯನ್ನು ನಿಮ್ಮ ಮನೆಯ ಹಿರಿಯರು ಏನೆಂದು ಕರೆಯುತ್ತಿದ್ದರು ಎಂದು ಕೇಳಿ ನೋಡಿ. ಅಜ್ಜಿಯರನ್ನು ಕೇಳಿ, ತೋಟದ ಕೆಲಸಕ್ಕೆ ಬರುವವರನ್ನು ತಪ್ಪದೆ ಕೇಳಿ, ಅವರಿಗೆ ನಮಗಿಂತ ಹೆಚ್ಚು ಗೊತ್ತು. ಹೆಸರು ಸಿಕ್ಕಿದರೆ ಒಂದು ಕಾರ್ಡಿನಲ್ಲಿ ಬರೆದು ಆಕಾಶವಾಣಿಯ ಭದ್ರಾವತಿ ನಿಲಯಕ್ಕೆ ಕಳಿಸಿ. ಊರಿನ ಹೆಸರು, ಪೊಟರೆ ಇದ್ದದ್ದು ಯಾವ ಮರದಲ್ಲಿ, ಆ ಮರ ಈಗಲೂ ನಿಂತಿದೆಯೆ ಎಂಬ ಮೂರು ವಿವರಗಳನ್ನೂ ದಯವಿಟ್ಟು ಸೇರಿಸಿ.